ತಂಪು ಕೊಟ್ಟಿದ್ದು ಶುಂಠಿ-ನಿಂಬೆ, ಹೆಸರು ಹೊಡ್ಕೊಂಡಿದ್ದು ವೋಡ್ಕಾ

1/12

ಒಂದು ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ವಾರದಿಂದ ಸುತ್ತು ಹೊಡೀತಾ ಇದೆ. ಎಲ್ರೂ ನೋಡಿದ್ದೀರ. ಉದ್ದನೆ ಗಾಜಿನ ಲೋಟ, ತುಂಬಾ ಐಸು, ಶುಂಠಿ ರಸ, ಹಿಂಡಿದ ನಿಂಬೆಹಣ್ಣು, ಮೇಲೊಂದು ಪುದೀನ ಎಲೆ. ಕೊನೆಗೆ ಬಾಟಲಿಯಿಂದ 60 ಎಂಎಲ್ ವೋಡ್ಕಾ. ಸ್ಕ್ರೀನ್ ಮೇಲೆ ದಪ್ಪಕ್ಷರ: "ಬೇಸಿಗೆಗೆ ಮನೇಲೇ ಮಾಡ್ಕೊಳ್ಳಿ, ಸೂಪರ್ ರಿಫ್ರೆಶಿಂಗ್!" ಅದರ ಕೆಳಗೆ ನಮ್ಮವರದೇ ಮಾತು: "ಫೇರ್‌ವೆಲ್‌ಗೆ ಇದೇ ಫಿಕ್ಸ್ ಮಚ್ಚಾ. ತಲೆಗೆ 500."

ಗ್ರೂಪಲ್ಲಿ ಎರಡು ಸಾಲು ಬರೆದ್ರೆ ಮೂವತ್ತು ಸ್ಟಿಕ್ಕರ್ ಬಂದು ಮುಚ್ಚಿ ಹೋಗುತ್ತೆ. ಅದಕ್ಕೇ ಇಲ್ಲಿ ಹಾಕ್ತಿದ್ದೀನಿ. ಉದ್ದ ಇದೆ, ಹನ್ನೆರಡು ಪೋಸ್ಟ್. ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೈನಲ್ಲಿ ಹೋಗೋರು ವೈಟ್‌ಫೀಲ್ಡ್ ಬರೋದ್ರೊಳಗೆ ಓದಿ ಮುಗಿಸಬಹುದು.

ನಾನು ಹೇಳೋದು ಒಂದೇ ಮಾತು. ಆ ಲೋಟದಲ್ಲಿ ತಂಪು ಕೊಡೋದೆಲ್ಲ ಶುಂಠಿ, ನಿಂಬೆ, ಸೋಡಾ, ಐಸು. ವೋಡ್ಕಾ ಅಲ್ಲಿ ತಂಪಿನ ಒಂದು ಕೆಲಸಾನೂ ಮಾಡಲ್ಲ. ಆದ್ರೆ ಲೋಟದ ಹೆಸರು ಅದರದ್ದು, ದುಡ್ಡು ಅದಕ್ಕೆ, ಫೋಟೋ ಅದರದ್ದು. ದುಡಿದವರು ಒಬ್ಬರು, ಹಾರ ಹಾಕಿಸ್ಕೊಂಡವರು ಇನ್ನೊಬ್ಬರು. ಈ ಮೋಸದ ಬಗ್ಗೆ ಜಗಳ ಆಡೋಕೆ ಬಂದಿದ್ದೀನಿ.

2/12

ಮೊದಲು ವೋಡ್ಕಾ ಅಂದ್ರೆ ಏನು ಅಂತ ನೋಡಿ.

ಧಾನ್ಯನೋ ಆಲೂಗಡ್ಡೆನೋ ಕಾಕಂಬಿನೋ ಕೊಳೆಸಿ, ಬಟ್ಟಿ ಇಳಿಸಿ, ಸೋಸಿ, ರುಚಿ ವಾಸನೆ ಎಲ್ಲ ಆದಷ್ಟು ತೆಗೆದುಹಾಕಿದ ಸ್ಪಿರಿಟ್ಟಿಗೆ ನೀರು ಬೆರೆಸಿದ್ದು. ಅಷ್ಟೇ. ಅಮೆರಿಕದ ಸರ್ಕಾರಿ ನಿಯಮದಲ್ಲಿ 2020ರ ತನಕ ವೋಡ್ಕಾಗೆ ಇದ್ದ ವ್ಯಾಖ್ಯೆಯೇ ಅದು: ಎದ್ದು ಕಾಣುವ ಗುಣ, ವಾಸನೆ, ರುಚಿ, ಬಣ್ಣ ಯಾವುದೂ ಇಲ್ಲದ ಸ್ಪಿರಿಟ್. ಸಾಮಾನ್ಯವಾಗಿ ಒಂದು ಪದಾರ್ಥವನ್ನ ಅದರಲ್ಲಿ ಏನಿದೆ ಅಂತ ಗುರುತಿಸ್ತೀವಿ. ಇದನ್ನ ಏನಿಲ್ಲ ಅಂತ ಗುರುತಿಸ್ತಾರೆ.

ನಮ್ಮಲ್ಲಿ ಸಿಗೋ ಬಾಟಲಿ ತಿರುಗಿಸಿ ನೋಡಿದ್ರೆ ಹೆಚ್ಚಿನದರಲ್ಲಿ 42.8% ಅಂತ ಇರುತ್ತೆ. ಅಂದ್ರೆ ನೂರು ಎಂಎಲ್‌ನಲ್ಲಿ 42.8 ಎಂಎಲ್ ಎಥನಾಲ್, ಮಿಕ್ಕಿದ್ದು ನೀರು. ಬಾಯಿಗೆ ಬಿಟ್ಕೊಂಡ್ರೆ ಗಂಟಲು ಸುಡುತ್ತೆ. ಆ ಉರಿ ದೇಹ ಕೊಡೋ ಎಚ್ಚರಿಕೆ: "ಏಯ್, ನಿಧಾನ."

ಈಗ ಯೋಚನೆ ಮಾಡಿ. ಆ ಎಚ್ಚರಿಕೆ ಕೇಳಿಸದ ಹಾಗೆ ಮಾಡಬೇಕು ಅಂದ್ರೆ ಏನು ಬೇಕು? ಅದಕ್ಕಿಂತ ಜೋರಾಗಿ ಉರಿಯೋ ಇನ್ನೊಂದು ವಸ್ತು ಬೇಕು: ಶುಂಠಿ. ನಾಲಿಗೆ ಸೆಳೆಯೋ ಹುಳಿ ಬೇಕು: ನಿಂಬೆ. ಗಟಗಟ ಇಳಿಯೋಕೆ ಸಕ್ಕರೆ, ಸೋಡಾ, ಐಸು. ಆ "ರೆಸಿಪಿ"ಯಲ್ಲಿ ವೋಡ್ಕಾ ಬಿಟ್ಟು ಉಳಿದದ್ದೆಲ್ಲ ವೋಡ್ಕಾನ ಮುಚ್ಚಿಡೋಕೇ ಇರೋದು. ಅಡುಗೆಮನೆಯಲ್ಲಿ ಇದಕ್ಕೆ ಒಗ್ಗರಣೆ ಅನ್ನಲ್ಲ. ಹಳಸಿದ ಸಾರಿಗೆ ನಿಂಬೆಹಣ್ಣು ಹಿಂಡೋದಕ್ಕೆ ಏನಂತಾರೋ ಅದನ್ನೇ ಇದಕ್ಕೂ ಅನ್ನಬೇಕು.

3/12

"ಆದ್ರೂ ಕುಡಿದ್ರೆ ರಿಫ್ರೆಶ್ ಅನ್ಸುತ್ತಲ್ಲ" ಅಂತೀರ. ಅನ್ಸುತ್ತೆ. ಯಾರಿಂದ ಅಂತ ಲೆಕ್ಕ ಹಾಕೋಣ.

ನಿಂಬೆ: ಹುಳಿ ನಾಲಿಗೆಗೆ ಬಿದ್ದ ಕೂಡಲೇ ಬಾಯಲ್ಲಿ ನೀರೂರುತ್ತೆ. ಒಣಗಿದ ಬಾಯಿ ಒದ್ದೆ ಆದ್ರೆ ಅರ್ಧ ದಾಹ ಅಲ್ಲೇ ಇಳಿದ ಹಾಗೆ.

ಶುಂಠಿ: ಇದರಲ್ಲಿರೋ ಜಿಂಜರಾಲ್ ಬಿಸಿಯನ್ನ ಗುರುತಿಸೋ ನರಗಳನ್ನೇ ಹೋಗಿ ತಟ್ಟುತ್ತೆ. ಮೈ ಬೆಚ್ಚಗಾಯ್ತು ಅಂತ ಅನ್ಸುತ್ತೆ, ಹಣೆ ಮೇಲೆ ಸಣ್ಣಗೆ ಬೆವರು ಒಡೆಯುತ್ತೆ. ಅದಕ್ಕೊಂದು ಗಾಳಿ ಬೀಸಿದ್ರೆ ತಂಪೇ ತಂಪು.

ಉಪ್ಪು, ಸಕ್ಕರೆ: ಚಿಟಿಕೆ ಉಪ್ಪು, ಸ್ವಲ್ಪ ಸಿಹಿ ಜೊತೆಗಿದ್ರೆ ಕರುಳು ನೀರನ್ನ ಬೇಗ ಎಳ್ಕೊಳ್ಳುತ್ತೆ. ಭೇದಿ ಆದಾಗ ಕೊಡೋ ಓಆರ್‌ಎಸ್ ಪೊಟ್ಟಣದ ಗುಟ್ಟೂ ಇದೇ.

ಸೋಡಾ, ಐಸು: ಇದನ್ನ ವಿವರಿಸೋದೇ ಬೇಡ. ಏಪ್ರಿಲಲ್ಲಿ ಬಂಗಾರಪೇಟೆ ಬಸ್ ಸ್ಟ್ಯಾಂಡಲ್ಲಿ ನಿಂತವರಿಗೆ ಗೊತ್ತು.

ಈಗ ವೋಡ್ಕಾ ಸಾಹೇಬರ ಸರದಿ. ದೇಹದಲ್ಲಿ ನೀರು ಹಿಡಿದಿಟ್ಕೊಳ್ಳೋಕೆ ವ್ಯಾಸೊಪ್ರೆಸಿನ್ ಅಂತ ಒಂದು ಹಾರ್ಮೋನ್ ಇದೆ. ಆಲ್ಕೋಹಾಲ್ ಅದನ್ನ ತಡೆಯುತ್ತೆ, ಮೂತ್ರ ಜಾಸ್ತಿ ಆಗುತ್ತೆ, ಕುಡಿದ ನೀರೂ ಹೊರಗೆ ಹೋಗುತ್ತೆ. ಬೆಳಿಗ್ಗೆ ಬಾಯಿ ಒಣಗಿ ತಲೆ ಸಿಡಿಯೋದರಲ್ಲಿ ಇದರ ಪಾಲೂ ಇದೆ.

ಅಂದ್ರೆ ನಾಲ್ಕು ಜನ ಸೇರಿ ಬಿಂದಿಗೆ ತುಂಬಿಸ್ತಿದ್ದಾರೆ. ಐದನೆಯವನು ತಳದಲ್ಲಿ ತೂತು ಕೊರೀತಿದ್ದಾನೆ. ರೀಲಿನವರು ಐದನೆಯವನಿಗೆ "ರಿಫ್ರೆಶಿಂಗ್" ಅಂತ ಬಿರುದು ಕೊಟ್ಟಿದ್ದಾರೆ. ವರ್ಷಕ್ಕೆ ಎಷ್ಟು ಸಲ ಬೋರ್‌ವೆಲ್ ಬತ್ತುತ್ತೆ ಅಂತ ಎಣಿಸಿಕೊಂಡು ಬದುಕೋ ಕೋಲಾರ ಜಿಲ್ಲೆಯವರು ನಾವು. ಈ ಲೆಕ್ಕದಲ್ಲಿ ಮೋಸ ಹೋಗಬಾರದು.

4/12

ಈ ಜೋಡಿಯನ್ನ ಯಾರು ಕೂಡಿಸಿದ್ರು? ದಾಹ ಆದವರಂತೂ ಅಲ್ಲ. ಮಾಲು ಖಾಲಿ ಆಗದೆ ಕೂತಿದ್ದ ವ್ಯಾಪಾರಿಗಳು.

1939ರಲ್ಲಿ ಅಮೆರಿಕದ ಹ್ಯೂಬ್ಲೈನ್ ಅನ್ನೋ ಕಂಪನಿ ಸ್ಮಿರ್ನಾಫ್ ವೋಡ್ಕಾದ ಹಕ್ಕು ಕೊಂಡ್ಕೊಳ್ತು. ಅಲ್ಲಿನವರು ಆಗ ವಿಸ್ಕಿ ಕುಡಿಯೋ ಜನ, ವೋಡ್ಕಾ ಕೇಳೋರೇ ಇರಲಿಲ್ಲ. ಕಂಪನಿಯ ಜಾನ್ ಮಾರ್ಟಿನ್‌ಗೆ ಇದೇ ಚಿಂತೆ. ಹಾಲಿವುಡ್ಡಿನಲ್ಲಿ ಕಾಕ್ ಅಂಡ್ ಬುಲ್ ಅಂತ ಹೋಟೆಲ್ ಇಟ್ಟಿದ್ದ ಜಾಕ್ ಮೋರ್ಗನ್ ಹತ್ತಿರ ಖರ್ಚಾಗದ ಜಿಂಜರ್ ಬಿಯರ್ ಇತ್ತು. 1941ರ ಸುಮಾರಿಗೆ ಎರಡನ್ನೂ ನಿಂಬೆರಸದ ಜೊತೆ ಕಲಸಿ, ತಾಮ್ರದ ಮಗ್ಗಲ್ಲಿ ಹಾಕಿ "ಮಾಸ್ಕೋ ಮ್ಯೂಲ್" ಅಂತ ಹೆಸರಿಟ್ರು. ಮೊದಲು ಕಲಸಿದ್ದು ಯಾರು ಅನ್ನೋದಕ್ಕೆ ಅವರವರಲ್ಲೇ ಜಗಳ ಇದೆ. ಯಾಕೆ ಕಲಸಿದ್ರು ಅನ್ನೋದಕ್ಕೆ ಜಗಳ ಇಲ್ಲ: ಸ್ಟಾಕ್ ಖಾಲಿ ಆಗಬೇಕಿತ್ತು.

ಆಮೇಲಿನ ಕಥೆ ಇನ್ನೂ ಮಜಾ. ಆಗಷ್ಟೇ ಬಂದಿದ್ದ ಪೊಲರಾಯ್ಡ್ ಕ್ಯಾಮೆರಾ ಹಿಡ್ಕೊಂಡು ಮಾರ್ಟಿನ್ ಬಾರಿಂದ ಬಾರಿಗೆ ಹೋಗ್ತಿದ್ದನಂತೆ. ಬಾರಿನವನ ಕೈಗೆ ತಾಮ್ರದ ಮಗ್ಗು, ಬಾಟಲಿ ಕೊಟ್ಟು ಎರಡು ಫೋಟೋ ಹೊಡೀತಿದ್ದ. ಒಂದು ಅವನಿಗೆ, ಇನ್ನೊಂದು ಪಕ್ಕದ ಬಾರಿನವನಿಗೆ ತೋರಿಸೋಕೆ: "ನೋಡಪ್ಪ, ಅವರಲ್ಲಿ ಶುರುವಾಗಿದೆ, ನಿಮ್ಮಲ್ಲಿ ಯಾಕಿಲ್ಲ?"

ಇದನ್ನ ಓದಿ ನಿಮಗೆ ಏನಾದ್ರೂ ನೆನಪಾಯ್ತಾ?

5/12

ನನಗೆ ನೆನಪಾಗಿದ್ದು ನಮ್ಮದೇ ಸ್ಟೋರಿಗಳು.

ನಮ್ಮ ದೇಶದಲ್ಲಿ ಟಿವಿಯಲ್ಲಿ ಮದ್ಯದ ಜಾಹೀರಾತು ನೇರವಾಗಿ ಹಾಕೋ ಹಾಗಿಲ್ಲ. ಅದಕ್ಕೇ ಕಂಪನಿಗಳು ಅದೇ ಹೆಸರಲ್ಲಿ ಸೋಡಾ, ಕುಡಿಯೋ ನೀರು, ಮ್ಯೂಸಿಕ್ ಸಿಡಿ ಅಂತ ತೋರಿಸಿ ಸುತ್ತು ಬಳಸಿ ಬರ್ತವೆ. ಅಷ್ಟೆಲ್ಲ ಕಷ್ಟ ಪಡೋ ಕಂಪನಿಗೆ ನಾವು ಏನು ಮಾಡ್ತಿದ್ದೀವಿ? ಲೋಟ ಎತ್ತಿ, ಬಾಟಲಿಯ ಲೇಬಲ್ ಕ್ಯಾಮೆರಾ ಕಡೆ ತಿರುಗಿಸಿ, ಚೆಂದದ ಬೆಳಕು ನೋಡಿ ಫೋಟೋ ಹಾಕ್ತಿದ್ದೀವಿ. ಬಿಟ್ಟಿಯಾಗಿ. ಬಿಟ್ಟಿ ಅಂದ್ರೆ ಬಿಟ್ಟಿನೂ ಅಲ್ಲ, ತಲೆಗೆ 500 ಕೈಯಿಂದ ಹಾಕಿ.

ಮಾರ್ಟಿನ್‌ಗೆ ಊರೂರು ತಿರುಗೋ ಖರ್ಚಿತ್ತು. ಈಗ ಆ ಕೆಲಸಾನ ಬಂಗಾರಪೇಟೆ, ಮಾಲೂರು, ಕೆಜಿಎಫ್‌ನ ಹತ್ತೊಂಬತ್ತು ವರ್ಷದ ಹುಡುಗ ಹುಡುಗೀರು ಮನೇಲಿ ಕೂತೇ ಮಾಡ್ತಾರೆ.

ಇನ್ನೊಂದು ವಿಷಯ, ಆ ತಾಮ್ರದ ಮಗ್ಗಿನ ಬಗ್ಗೆ. ಒಳಗೆ ಕಲಾಯಿನೋ ಸ್ಟೀಲೋ ಇಲ್ಲದ ತಾಮ್ರದಲ್ಲಿ ನಿಂಬೆರಸ ಹಾಕಿಟ್ರೆ ಹುಳಿಗೆ ತಾಮ್ರ ಬಿಟ್ಕೊಳ್ಳುತ್ತೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿಷಯ ಇದು. ಹುಳಿ, ಮಜ್ಜಿಗೆ ಯಾವುದನ್ನೂ ಕಲಾಯಿ ಇಲ್ಲದ ಪಾತ್ರೆಗೆ ಹಾಕೋಕೆ ಬಿಡ್ತಿರಲಿಲ್ಲ. ರೀಲಿಗೆ ಅಂತ ಆನ್‌ಲೈನಲ್ಲಿ ತರಿಸಿದ್ದೀರಲ್ಲ, ಆ ಮಗ್ಗಿನ ಒಳಗೆ ಬೆರಳಾಡಿಸಿ ಒಮ್ಮೆ ನೋಡಿ.

6/12

ಈಗ ನಮ್ಮೂರಿಗೆ ಬನ್ನಿ.

ಬಣ್ಣ ಇಲ್ಲದ, ನೋಡೋಕೆ ಬರೀ ನೀರಿನ ಹಾಗಿರೋ, ಬಾಯಿಗಿಟ್ಟ ಕೂಡಲೇ ಕಿವಿ ಬಿಸಿ ಮಾಡೋ ದ್ರವ ಅಂದ್ರೆ ಪ್ರಪಂಚದ ಬೇರೆ ಕಡೆ ವೋಡ್ಕಾ ಇರಬಹುದು. ಬಂಗಾರಪೇಟೇಲಿ ಅದು ಪಾನಿ.

ಬೇರೆ ಊರಲ್ಲಿ ಪಾನಿ ಅಂದ್ರೆ ಪುದೀನ ಕೊತ್ತಂಬರಿಯ ಹಸಿರು, ಇಲ್ಲಾ ಹುಣಸೆಯ ಕಂದು. ನಮ್ಮದು ತಿಳಿನೀರು. ಹೊರಗಿನವರು ಮೊದಲ ಸಲ ನೋಡಿ "ಮಸಾಲೆ ಹಾಕೋದು ಮರೆತ್ರಾ?" ಅಂತಾರೆ. ಮೊದಲ ಪುರಿ ಒಳಗೆ ಹೋದ ಮೇಲೆ ಮಾತಾಡಲ್ಲ, ಮೂಗು ಒರೆಸ್ಕೊಳ್ತಾರೆ, ಇನ್ನೊಂದು ಪ್ಲೇಟ್ ಅಂತಾರೆ. ಒಂದೊಂದು ಅಂಗಡಿಯದು ಒಂದೊಂದು ಕೈ, ಪೂರ್ತಿ ಗುಟ್ಟು ಯಾರೂ ಬಿಟ್ಟುಕೊಡಲ್ಲ. ಇವತ್ತು ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ "ಬಂಗಾರಪೇಟೆ ಪಾನಿಪುರಿ" ಅಂತ ಬೋರ್ಡು ಇದೆ. ಒಂದು ತಾಲ್ಲೂಕು ಕೇಂದ್ರದ ಹೆಸರನ್ನ ರಾಜಧಾನಿಯ ಗಲ್ಲಿಗಲ್ಲಿಗೆ ಹೊತ್ತು ತಂದಿದ್ದು ಒಂದು ಲೋಟ ಖಾರದ ನೀರು.

ಇಂಥ ಊರಿನವರು ನಾವು. ಖಾರ, ಹುಳಿ, ಉಪ್ಪು, ನೀರು ಇಷ್ಟೇ ಇಟ್ಕೊಂಡು ಜನರ ಕಣ್ಣಲ್ಲಿ ನೀರು ತರಿಸಿ ಮತ್ತೆ ಕ್ಯೂ ನಿಲ್ಲಿಸೋ ವಿದ್ಯೆ ನಮಗೆ ಗೊತ್ತು. ನಮಗೆ "ಕಿಕ್" ಅಂದ್ರೆ ಏನು ಅಂತ ಒಂದು ಬಾಟಲಿ ಹೇಳಿಕೊಡಬೇಕಾ?

7/12

ಶುಂಠಿ-ನಿಂಬೆ ಪಾನೀಯ ನಮಗೆ ರೀಲಿನಿಂದ ಬಂದಿದ್ದೂ ಅಲ್ಲ.

ರಾಮನವಮಿ ದಿನ ಪೆಂಡಾಲಿನ ಮುಂದೆ ನಿಂತು ಕುಡಿಯೋ ಪಾನಕ ನೆನಪು ಮಾಡ್ಕೊಳ್ಳಿ. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಮೆಣಸು. ಜೊತೆಗೆ ನೀರುಮಜ್ಜಿಗೆ, ಕೋಸಂಬರಿ. ದಾರೀಲಿ ಹೋಗೋ ಯಾರಿಗಾದ್ರೂ ಕರೆದು ಕೊಡ್ತಾರೆ. ವಯಸ್ಸು ಕೇಳಲ್ಲ, ದುಡ್ಡು ಕೇಳಲ್ಲ.

ಗೋಲಿ ಸೋಡಾ ಅಂಗಡಿಗೆ ಹೋಗಿ ನಿಂಬೆ ಸೋಡಾ ಕೇಳಿ. ಅವರು ತಲೆ ಎತ್ತದೆ ಕೇಳೋ ಪ್ರಶ್ನೆ ಒಂದೇ: "ಸ್ವೀಟಾ, ಸಾಲ್ಟಾ, ಮಿಕ್ಸಾ?" ಕಾಕ್‌ಟೇಲ್ ಮೆನು ಇದಕ್ಕಿಂತ ಚಿಕ್ಕದಾಗಿ ಬರೆಯೋಕೆ ಆಗಲ್ಲ.

ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳ ಕ್ರಿಸ್‌ಮಸ್ ಪದಾರ್ಥಗಳಲ್ಲಿ ಜಿಂಜರ್ ವೈನ್ ಅಂತ ಒಂದಿದೆ. ಹೆಸರಲ್ಲಿ ವೈನ್ ಇದೆ ಅಷ್ಟೇ. ಮನೆಗಳಲ್ಲಿ ಸಾಮಾನ್ಯವಾಗಿ ಮಾಡೋದರಲ್ಲಿ ಶುಂಠಿ, ಸಕ್ಕರೆ, ಹುಳಿ, ಬಣ್ಣಕ್ಕೆ ಕರಕಲು ಮಾಡಿದ ಸಕ್ಕರೆ ಇರುತ್ತೆ, ಆಲ್ಕೋಹಾಲ್ ಇರಲ್ಲ. ಪುಟ್ಟ ಗ್ಲಾಸಲ್ಲಿ ಮಕ್ಕಳಿಗೂ ಕೊಡ್ತಾರೆ. ಗಂಟಲಲ್ಲಿ ಇಳಿಯುವಾಗ ಬಿಸಿ ಬಿಸಿ.

ದೇವಸ್ಥಾನದ ಪೆಂಡಾಲು, ಸೋಡಾ ಗಾಡಿ, ಕ್ರಿಸ್‌ಮಸ್ ಮನೆ. ಮೂರು ಜಾಗ, ಮೂರು ಥರದ ಜನ, ಮೂರೂ ಕಡೆ ಹುಳಿ, ಸಿಹಿ, ಖಾರದ ಅದೇ ಆಟ. ಬಾಟಲಿ ಇಲ್ಲದೆ ಹಬ್ಬ ಆಗಲ್ಲ ಅಂತ ಯಾರು ಹೇಳಿದ್ದು?

8/12

ಈಗ ಸ್ವಲ್ಪ ಖಾರದ ಮಾತು. ಬೇಜಾರಾದ್ರೆ ಆಗಲಿ.

ಕೆಜಿಎಫ್‌ನಲ್ಲಿ ಮದ್ಯಕ್ಕೆ ಯಾವಾಗಲೂ ಎರಡು ಲೋಟ ಇತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಊರು "ಲಿಟಲ್ ಇಂಗ್ಲೆಂಡ್" ಅನ್ನಿಸ್ಕೊಳ್ತು. ಬಂಗಲೆ, ಕ್ಲಬ್ಬು, ಗಾಲ್ಫು. ಅಲ್ಲಿನ ದೊರೆಗಳ ಕೈಯಲ್ಲಿದ್ದ ಲೋಟಕ್ಕೆ "ಡ್ರಿಂಕ್ಸ್" ಅಂತ ಹೆಸರು. ಅದೇ ಊರಿನ ಲೈನ್ ಮನೆಗಳಲ್ಲಿ ತಮಿಳು, ತೆಲುಗು ನಾಡಿಂದ ಬಂದ ಕಾರ್ಮಿಕರು, ಬಹಳಷ್ಟು ಜನ ದಲಿತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ, ಒಳಗೆ ಮೈ ಬೇಯೋ ಶಾಖ. ಅಲ್ಲಿಂದ ಮೇಲೆ ಬಂದವರ ಕೈಯಲ್ಲಿದ್ದ ಲೋಟಕ್ಕೆ "ಸಾರಾಯಿ" ಅಂತ ಹೆಸರು. ಅವನು ಸಾಹೇಬ, ಇವನು ಕುಡುಕ. ಎರಡು ಲೋಟದಲ್ಲೂ ಕೆಲಸ ಮಾಡ್ತಿದ್ದಿದ್ದು ಎಥನಾಲೇ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದೊರೆಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಹೋಗಿದ್ರು. ಎರಡು ಲೋಟದ ಬುದ್ಧಿ ಮಾತ್ರ ನಮ್ಮ ಹತ್ತಿರ ಬಿಟ್ಟು ಹೋದ್ರು. ಬಸ್ ಸ್ಟ್ಯಾಂಡ್ ಹತ್ತಿರ ಟೆಟ್ರಾ ಪ್ಯಾಕ್ ಕಚ್ಚಿ ಹರಿಯೋ ಕೂಲಿಯವರನ್ನ ನೋಡಿ ಮುಖ ತಿರುಗಿಸ್ತೀವಿ. ಅದೇ ಸಂಜೆ ಅಷ್ಟೇ ಪರ್ಸೆಂಟಿನ ದ್ರವಕ್ಕೆ ಪುದೀನ ಎಲೆ ಅಂಟಿಸಿ "ಮಿಕ್ಸಾಲಜಿ" ಅಂತ ಹ್ಯಾಶ್‌ಟ್ಯಾಗ್ ಹಾಕ್ತೀವಿ.

ಇದು ನನ್ನ ದೊಡ್ಡ ತಕರಾರು. ಒಂದೋ ಇಬ್ಬರನ್ನೂ ಒಂದೇ ಹೆಸರಲ್ಲಿ ಕರೀರಿ, ಇಲ್ಲಾ ಅವರನ್ನ ನೋಡಿ ನಗೋದು ಬಿಡಿ.

9/12

ನಮ್ಮ ಭಾಗಕ್ಕೆ ಈ ವಿಷಯ ತಮಾಷೆ ಅಲ್ಲ ಅನ್ನೋಕೆ ಇನ್ನೊಂದು ಕಾರಣ ಇದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಪ್ಯಾಕೆಟ್ ಹೋಯ್ತು, ಚಟ ಹೋಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಕಡೆ, ಗಡಿ ಆಚೆ ಕೃಷ್ಣಗಿರಿ ಕಡೆ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ರು. ಹೆಚ್ಚಿನವರು ಕೂಲಿ ಮಾಡೋರು. ನಮ್ಮಲ್ಲಿ ಹಲವರು ಆಗ ಕೈಗೂಸು, ಇಲ್ಲಾ ಹುಟ್ಟೇ ಇರಲಿಲ್ಲ. ಮನೇಲಿ ದೊಡ್ಡವರನ್ನ ಕೇಳಿ, ಹೇಳ್ತಾರೆ.

ಅಂಗಡಿ ವೋಡ್ಕಾದಲ್ಲೂ ಮೆಥನಾಲ್ ಇರುತ್ತೆ ಅಂತ ನಾನು ಹೇಳ್ತಿಲ್ಲ. ಹೆದರಿಸೋಕೆ ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ. ಹೇಳೋದು ಇಷ್ಟು: ನಮ್ಮ ಕ್ಲಾಸಲ್ಲಿ ಕೆಲವರ ಮನೇಲಿ ಬಾಟಲಿ ಅನ್ನೋ ಪದ ಬಂದ್ರೆ ಅಮ್ಮನ ಮುಖದ ಬಣ್ಣ ಬದಲಾಗುತ್ತೆ. ಯಾರು ಅಂತ ಬರೆಯಲ್ಲ, ಬರೆಯೋ ಹಕ್ಕೂ ನನಗಿಲ್ಲ. ಕತ್ತಲಿರುವಾಗಲೇ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗೋ ಅಪ್ಪ ಅಮ್ಮಂದಿರ ದುಡ್ಡಲ್ಲಿ ಓದ್ತಿರೋರು ನಮ್ಮಲ್ಲಿ ತುಂಬಾ ಜನ. ಆ 500ನ್ನ ಮನೇಲಿ ಕೇಳುವಾಗ ಅವರು ಏನಂತ ಹೇಳಬೇಕು? ಕೊಡಲ್ಲ ಅಂದ್ರೆ "ಬೋರ್ ಗುರು ಇವನು". ಕೊಟ್ರೆ ತನ್ನ ಮನೆ ಮುರಿದ ವಸ್ತುವಿಗೆ ತಾನೇ ಚಂದಾ ಕಟ್ಟಿದ ಹಾಗೆ. ಫೇರ್‌ವೆಲ್ ಅಂದ್ರೆ ಎಲ್ರೂ ಸೇರೋ ದಿನ. ಬಾಗಿಲಲ್ಲೇ ಇಬ್ಬರನ್ನ ವಾಪಸ್ ಕಳಿಸೋ ಪಾರ್ಟಿಗೆ ಆ ಹೆಸರು ಯಾಕೆ?

10/12

ನೀವು ಕೇಳೋ ಪ್ರಶ್ನೆಗಳು ಗೊತ್ತು. ಒಂದೊಂದಾಗಿ ಬನ್ನಿ.

"ನೀನೇನು ಸಂಸ್ಕೃತಿ ಪೊಲೀಸಾ?"
ಅಲ್ಲ. 21 ದಾಟಿದವರು ಅವರ ಮನೇಲಿ, ಅವರ ದುಡ್ಡಲ್ಲಿ ಏನು ಕುಡೀತಾರೋ ಅದು ಅವರ ವಿಷಯ. ಹುಡುಗೀರು ಕುಡಿದ್ರೆ ಮಾತ್ರ ಮೂಗು ಮುರಿಯೋರ ಗುಂಪಲ್ಲೂ ನಾನಿಲ್ಲ. ಆದ್ರೆ ಕರ್ನಾಟಕದಲ್ಲಿ 21 ಆಗದವರಿಗೆ ಮದ್ಯ ಮಾರಬಾರದು ಅಂತ 1967ರ ಅಬಕಾರಿ ನಿಯಮ ಇದೆ. 2023ರ ಜನವರಿಯಲ್ಲಿ ಅದನ್ನ 18ಕ್ಕೆ ಇಳಿಸೋಕೆ ಕರಡು ಬಂತು, ವಿರೋಧ ಬಂದು ವಾಪಸ್ ಹೋಯ್ತು. ನಮ್ಮ ಕ್ಲಾಸಲ್ಲಿ 21 ಆದವರನ್ನ ಕೈಬೆರಳಲ್ಲಿ ಎಣಿಸಬಹುದು.

"ಶುಂಠಿ ನಿಂಬೆ ಇದೆಯಲ್ಲ, ಆರೋಗ್ಯಕ್ಕೆ ಒಳ್ಳೇದು."
ಬೇವಿನಸೊಪ್ಪು ಸಿಕ್ಕಿಸಿದ್ರೆ ಸಿಗರೇಟು ಔಷಧಿ ಆಗುತ್ತಾ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. 2023ರಲ್ಲಿ ಸಂಸ್ಥೆ ಇನ್ನೂ ನೇರವಾಗಿ ಹೇಳಿತು: ಇಷ್ಟು ಕುಡಿದ್ರೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ.

"ವೋಡ್ಕಾ ವಾಸನೆ ಬರಲ್ಲ, ಮನೇಲಿ ಗೊತ್ತಾಗಲ್ಲ."
ಅಮ್ಮನ ಮೂಗಿನ ಬಗ್ಗೆ ನಿಮಗೆ ಇನ್ನೂ ಅನುಭವ ಸಾಲದು. ಹೋಗಲಿ, ಪೊಲೀಸರ ಮಷೀನು ವಾಸನೆ ನೋಡಲ್ಲ, ಆಲ್ಕೋಹಾಲ್ ಅಳೆಯುತ್ತೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಪಾರ್ಟಿ ಮುಗಿದ ಮೇಲೆ ಕೋಲಾರ ರಸ್ತೇಲಿ ಬೈಕಲ್ಲಿ ಮೂರು ಜನ ಹೋಗೋ ಪ್ಲಾನ್ ಗ್ರೂಪಲ್ಲೇ ಇದೆ, ನಾನು ನೋಡಿದ್ದೀನಿ.

"ಸ್ವಲ್ಪ ತಾನೇ?"
ಹಾಗಾದ್ರೆ ರೆಸಿಪಿನ ಪ್ರಾಮಾಣಿಕವಾಗಿ ಬರೀರಿ. 60 ಎಂಎಲ್ ಅಂದ್ರೆ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಲಿವರ್ ಅದನ್ನ ಖಾಲಿ ಮಾಡೋಕೆ ಎರಡರಿಂದ ಮೂರು ಗಂಟೆ. ಸ್ನಾನ, ಕಾಫಿ, ಮಜ್ಜಿಗೆ ಯಾವುದೂ ಆ ಟೈಮ್ ಕಮ್ಮಿ ಮಾಡಲ್ಲ. ಸಿಹಿ-ಹುಳಿ ಲೋಟ ಇಪ್ಪತ್ತು ನಿಮಿಷಕ್ಕೆ ಖಾಲಿ. ಮುಂದಿನದು ರೆಡಿ. "ಸ್ವಲ್ಪ" ಅನ್ನೋದು ಅಲ್ಲೇ ಕಳೆದುಹೋಗುತ್ತೆ. ಯಾರಾದ್ರೂ ಕುಡಿದು ಎಬ್ಬಿಸಿದ್ರೂ ಏಳದೆ ಬಿದ್ರೆ "ಮಲಗಲಿ ಬಿಡು" ಅನ್ನಬೇಡಿ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೇಲೇ ಇರಿ, 108ಕ್ಕೆ ಫೋನ್ ಮಾಡಿ. ಇದನ್ನ ಮಾತ್ರ ಜಗಳಕ್ಕೆ ಹೇಳ್ತಿಲ್ಲ.

11/12

ಬರೀ ಬೈದು ಹೋಗೋದು ಸುಲಭ. ಇಗೋ ರೆಸಿಪಿ. ಸೇವ್ ಮಾಡ್ಕೊಳ್ಳಿ. ಇಪ್ಪತ್ತು ಲೋಟಕ್ಕೆ ಲೆಕ್ಕ.

ಬೇಕಾಗಿದ್ದು: ಹಸಿ ಶುಂಠಿ 200 ಗ್ರಾಂ, ಸಕ್ಕರೆ 400 ಗ್ರಾಂ (ಬೆಲ್ಲ ಆದ್ರೂ ನಡೆಯುತ್ತೆ, ಬಣ್ಣ ಕಂದು ಬರುತ್ತೆ), ರಸ ಇರೋ ನಿಂಬೆಹಣ್ಣು 10, ಸೋಡಾ 3 ಲೀಟರ್, ಪುದೀನ ಒಂದು ಕಟ್ಟು, ಹಸಿಮೆಣಸಿನಕಾಯಿ 2, ಉಪ್ಪು, ಐಸು.

ಶುಂಠಿಯ ಮಣ್ಣು ಹೋಗೋ ಹಾಗೆ ತೊಳೆದು, ಸಿಪ್ಪೆ ಕೆರೆದು, ಚೂರು ಮಾಡಿ 300 ಎಂಎಲ್ ನೀರಿನ ಜೊತೆ ಮಿಕ್ಸಿಗೆ ಹಾಕಿ. ತೆಳು ಬಟ್ಟೇಲಿ ಸೋಸಿ, ಹಿಂಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬಿಳಿ ಗಸಿ ಕೂರುತ್ತೆ, ಅದು ಶುಂಠಿಯ ಪಿಷ್ಟ. ಮೇಲಿನ ತಿಳಿ ಮಾತ್ರ ಬಗ್ಗಿಸ್ಕೊಳ್ಳಿ. ಇದನ್ನ ಬಿಟ್ರೆ ಪಾನೀಯ ಕಲಗಚ್ಚಿನ ಹಾಗೆ ಕಾಣುತ್ತೆ.

ಆ ತಿಳಿಗೆ ಸಕ್ಕರೆ ಹಾಕಿ ಸಣ್ಣ ಉರೀಲಿ ಐದು ನಿಮಿಷ, ಸಕ್ಕರೆ ಕರಗಿದ್ರೆ ಸಾಕು. ತುಂಬಾ ಕುದಿಸಿದ್ರೆ ಶುಂಠಿಯ ಖಾರ ಮೆತ್ತಗಾಗುತ್ತೆ. ಇಳಿಸಿ, ಬಿಸಿ ಇರುವಾಗಲೇ ಸೀಳಿದ ಹಸಿಮೆಣಸಿನಕಾಯಿ ಎರಡು ಹಾಕಿ, ಹತ್ತು ನಿಮಿಷಕ್ಕೆ ತೆಗೀರಿ. ಇದು ಬಂಗಾರಪೇಟೆ ಸಹಿ, ಬಿಡಬೇಡಿ. ಪೂರ್ತಿ ಆರಿದ ಮೇಲೆ ಬಾಟಲಿಗೆ ಹಾಕಿ ಫ್ರಿಡ್ಜಲ್ಲಿಡಿ. ನಿಂಬೆರಸ ಈಗಲೇ ಸೇರಿಸಬೇಡಿ, ಘಮ ಹೋಗುತ್ತೆ.

ಕೊಡೋ ಹೊತ್ತಿಗೆ: ಲೋಟಕ್ಕೆ ಐಸು, ಎರಡು ದೊಡ್ಡ ಚಮಚ ಶುಂಠಿ ಪಾಕ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಅಂಗೈಲಿಟ್ಟು ತಟ್ಟಿದ ನಾಲ್ಕು ಪುದೀನ ಎಲೆ. ಕೊನೆಗೆ ತಣ್ಣನೆ ಸೋಡಾ, ಲೋಟದ ಅಂಚಿನಿಂದ ನಿಧಾನವಾಗಿ. ಒಂದೇ ಸಲ ತಿರುಗಿಸಿ. ಜಾಸ್ತಿ ತಿರುಗಿಸಿದ್ರೆ ಗ್ಯಾಸ್ ಹೋಗುತ್ತೆ. ನಿಂಬೆ ಸಿಪ್ಪೆಯನ್ನ ಉಸಿರು ಹೋಗೋ ತನಕ ಹಿಂಡಬೇಡಿ, ಕಹಿ ಬಿಡುತ್ತೆ.

ಒಂದು ಗುಟುಕು ಕುಡಿದು ಹೇಳಿ, ಇದರಲ್ಲಿ ಏನು ಕಮ್ಮಿ ಇದೆ? "ಕಿಕ್" ಅಂದ್ರೆ ಇನ್ನೊಂದು ಮೆಣಸಿನಕಾಯಿ ಸೀಳಿ.

12/12

ಕೊನೆಗೆ ನನ್ನ ಡಿಮ್ಯಾಂಡು. ಮೂರೇ ಮೂರು.

ಒಂದು: ಫೇರ್‌ವೆಲ್ ಚಂದಾದಲ್ಲಿ ಬಾಟಲಿಗೆ ಒಂದು ರೂಪಾಯಿನೂ ಬೇಡ. ಊಟ, ಸೌಂಡ್, ಹಾಲ್ ಇಷ್ಟಕ್ಕೆ ಎಷ್ಟಾಗುತ್ತೋ ಅಷ್ಟು ಎತ್ತಿ. ಲೆಕ್ಕ ಗ್ರೂಪಲ್ಲಿ ಹಾಕಿ. 500 ಆಗದವರು ಆದಷ್ಟು ಕೊಡಲಿ, ಯಾರೂ ಹೆಸರು ಕೂಗಬಾರದು.

ಎರಡು: ಬಾಗಿಲ ಹತ್ತಿರ ಒಂದು ಮೇಜು. ಒಂದು ಕಡೆ ಶುಂಠಿ-ನಿಂಬೆ ಸೋಡಾ, ಇನ್ನೊಂದು ಕಡೆ ಪಾನಿಪುರಿ. ಬಂಗಾರಪೇಟೇಲಿ ಫೇರ್‌ವೆಲ್ ಮಾಡಿ ಪಾನಿಪುರಿ ಇಡಲಿಲ್ಲ ಅಂದ್ರೆ ಜೂನಿಯರ್‌ಗಳು ನಗ್ತಾರೆ.

ಮೂರು: "ಕುಡಿಯಲ್ಲ" ಅಂದವರಿಗೆ "ಯಾಕೆ?" ಅಂತ ಕೇಳಬೇಡಿ. ಕಾರಣ ಹೇಳೋಕೆ ಅವರು ವೈವಾದಲ್ಲಿ ಕೂತಿಲ್ಲ. ಕೆಲವರ ಕಾರಣ ದೊಡ್ಡದಿರುತ್ತೆ, ಆ ದಿನ ಅದನ್ನ ಮರೆಯೋಕೆ ಅಂತಲೇ ಅವರು ಬಂದಿರ್ತಾರೆ.

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಉತ್ತರ ಕೊಡ್ತೀನಿ. ಸ್ಟಿಕ್ಕರ್ ಬೇಡ, ಮಾತಲ್ಲಿ ಬನ್ನಿ. ಒಪ್ಪಿದವರು ಇದನ್ನ ಗ್ರೂಪಿಗೆ ಫಾರ್ವರ್ಡ್ ಮಾಡಿ, ನಾನೇ ಹಾಕಿದ್ರೆ ಮತ್ತೆ ಶುರು ಆಗುತ್ತೆ.

ನಾವು ಐವತ್ತೆರಡು ಜನ. ಅರ್ಧ ಹಣ್ಣಿನ ಲೆಕ್ಕದಲ್ಲಿ 26 ನಿಂಬೆಹಣ್ಣು, ಎರಡನೇ ಸಲ ಕೇಳೋರಿಗೆ ಅಂತ 40 ಇರಲಿ. ಶುಂಠಿ ಅರ್ಧ ಕೆಜಿ ನಾನು ತರ್ತೀನಿ. ನಿಂಬೆಹಣ್ಣು ಯಾರು, ಐಸು ಯಾರು, ಸೋಡಾ ಕ್ರೇಟ್ ಹೊರೋರು ಯಾರು? ಕೆಳಗೆ ಹೆಸರು ಹಾಕಿ.

#ಬಂಗಾರಪೇಟೆ #ಕೆಜಿಎಫ್ #ಶುಂಠಿನಿಂಬೆ #ಫೇರ್‌ವೆಲ್ #ಸ್ವೀಟಾಸಾಲ್ಟಾಮಿಕ್ಸಾ